ದೊಡ್ಡ ಕರುಳಿನ ಕ್ಯಾನ್ಸರ್: ದುಗ್ಧಗ್ರಂಥಿಗಳನ್ನು ಯಾಕೆ ಎಣಿಸುತ್ತಾರೆ, ಎಲ್ಲಿಯವರೆಗೆ ಕತ್ತರಿಸಬೇಕು

ದೊಡ್ಡ ಕರುಳಿನ ಗಡ್ಡೆಯನ್ನು ತೆಗೆದ ಮೇಲೆ ಬರುವ ಪೆಥಾಲಜಿ ವರದಿಯಲ್ಲಿ ಒಂದು ಭಿನ್ನರಾಶಿ ಇರುತ್ತದೆ: 0/18, 2/15, 5/9, ಹೀಗೆ. ಕೆಳಗಿನ ಅಂಕಿ, ತೆಗೆದ ಭಾಗದಲ್ಲಿ ಹುಡುಕಿ ಪರೀಕ್ಷಿಸಿದ ದುಗ್ಧಗ್ರಂಥಿಗಳ, ಅಂದರೆ ಲಿಂಫ್ ನೋಡ್‌ಗಳ ಸಂಖ್ಯೆ. ಮೇಲಿನದು, ಅವುಗಳಲ್ಲಿ ಎಷ್ಟರೊಳಗೆ ಕ್ಯಾನ್ಸರ್ ಕೋಶಗಳು ಕಂಡವು ಎಂಬುದು. ಮನೆಯವರ ಕಣ್ಣು ಮೇಲಿನ ಅಂಕಿಗೆ ಹೋಗುತ್ತದೆ. ಅನುಭವಸ್ಥ ವೈದ್ಯರು ಕೆಳಗಿನದನ್ನೂ ಅಷ್ಟೇ ಗಮನವಿಟ್ಟು ನೋಡುತ್ತಾರೆ. 0/18 ಎಂದಿದ್ದರೆ ಗ್ರಂಥಿಗಳಿಗೆ ಹರಡಿಲ್ಲ ಎಂದು ತಕ್ಕಮಟ್ಟಿಗೆ ಧೈರ್ಯವಾಗಿ ಹೇಳಬಹುದು. 0/5 ಎಂದಿದ್ದರೆ ಹುಡುಕಿದ್ದು ಸಾಲದು ಎಂದಷ್ಟೇ ಹೇಳಬಹುದು.

ಈ ಅಂಕಿಗಳ ಸುತ್ತ ಶಸ್ತ್ರಚಿಕಿತ್ಸಕರ ನಡುವೆ ದಶಕಗಳಿಂದ ಚರ್ಚೆ ನಡೆದಿದೆ. ಹೆಚ್ಚು ಗ್ರಂಥಿ ತೆಗೆದಷ್ಟೂ ರೋಗಿಗೆ ಒಳ್ಳೆಯದೇ? ರಕ್ತನಾಳದ ಬುಡದವರೆಗೂ ಹೋಗಿ ಬಾಚಿ ತೆಗೆಯಬೇಕೇ? ಇದುವರೆಗಿನ ಪುರಾವೆಗಳನ್ನು ಒಟ್ಟಿಗಿಟ್ಟು ನೋಡಿದರೆ ನಮಗೆ ಕಾಣುವುದು ಇಷ್ಟು: ಗ್ರಂಥಿಗಳ ಸಂಖ್ಯೆ ಕೆಲಸ ಹೇಗೆ ನಡೆಯಿತು ಎಂಬುದರ ಅಳತೆ ಮಾತ್ರ. ರೋಗಿಗೆ ನಿಜವಾಗಿ ನೆರವಾಗುವುದು ಎರಡು ಸಂಗತಿ. ಒಂದು, ಗ್ರಂಥಿಗಳನ್ನು ಒಳಗೊಂಡ ಕೊಬ್ಬಿನ ಮೇಲಿನ ಪೊರೆ ಹರಿಯದಂತೆ ಇಡಿಯಾಗಿ ತೆಗೆದ ಶಸ್ತ್ರಚಿಕಿತ್ಸೆ. ಇನ್ನೊಂದು, ಆ ಎಣಿಕೆಯನ್ನು ನಂಬಿ ಆಮೇಲೆ ಆಯ್ದುಕೊಳ್ಳುವ ಔಷಧ.

ಹರಡುವ ದಾರಿ

ಕರುಳಿನ ಗೋಡೆಯಲ್ಲಿ ಒಳಗಿನಿಂದ ಹೊರಕ್ಕೆ ಲೋಳೆಪೊರೆ, ಅದರಡಿಯ ಸಡಿಲ ಪದರ, ಸ್ನಾಯು ಪದರ, ಹೊರಪೊರೆ ಎಂದು ನಾಲ್ಕು ಪದರಗಳಿವೆ. ದೊಡ್ಡ ಕರುಳಿನ ಲೋಳೆಪೊರೆಯ ಮೇಲ್ಭಾಗದಲ್ಲಿ ದುಗ್ಧನಾಳಗಳು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಲೋಳೆಪೊರೆಯೊಳಗೇ ಉಳಿದ ಕ್ಯಾನ್ಸರ್ ಗ್ರಂಥಿಗಳಿಗೆ ಹೋಗುವುದಿಲ್ಲವೆಂದೇ ಲೆಕ್ಕ. ಕೊಲೊನೋಸ್ಕೋಪಿಯಲ್ಲಿ ಪಾಲಿಪ್, ಅಂದರೆ ಒಳಗೋಡೆಯಿಂದ ಎದ್ದ ಗಂಟನ್ನು, ಪೂರ್ತಿ ತೆಗೆದರೆ ಚಿಕಿತ್ಸೆ ಅಲ್ಲಿಗೆ ಮುಗಿಯಿತು.

ಅದರಡಿಯ ಸಡಿಲ ಪದರಕ್ಕೆ ಇಳಿದ ಕೂಡಲೇ ಲೆಕ್ಕ ಬದಲಾಗುತ್ತದೆ. ಈ ಹಂತವನ್ನು ಟಿ1 ಎನ್ನುತ್ತಾರೆ; ಟಿ ಅಂಕಿ ಹೆಚ್ಚಿದಷ್ಟೂ ಗಡ್ಡೆ ಗೋಡೆಯಲ್ಲಿ ಆಳಕ್ಕೆ ಇಳಿದಿದೆ ಎಂದರ್ಥ, ಟಿ4 ಎಂದರೆ ಹೊರಪೊರೆ ತೂರಿದ ಅಥವಾ ಪಕ್ಕದ ಅಂಗಕ್ಕೆ ನುಗ್ಗಿದ ಗಡ್ಡೆ. ಇಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಗ್ರಂಥಿಗಳಲ್ಲಿ ಕ್ಯಾನ್ಸರ್ ಇರುತ್ತದೆ. ಹಾಗೆಂದು ಟಿ1 ಆದವರಿಗೆಲ್ಲ ಕರುಳು ಕತ್ತರಿಸಿದರೆ ಒಂಬತ್ತು ಮಂದಿಗೆ ಬೇಡದ ಶಸ್ತ್ರಚಿಕಿತ್ಸೆ ಮಾಡಿದಂತೆ. ಆದ್ದರಿಂದ ಪಾಲಿಪ್‌ನ ವರದಿಯಲ್ಲಿ ನಾಲ್ಕು ವಿಷಯ ಹುಡುಕುತ್ತಾರೆ: ಸಡಿಲ ಪದರದೊಳಗೆ 1 ಮಿಲಿಮೀಟರಿಗಿಂತ ಆಳಕ್ಕೆ ಇಳಿದಿದೆಯೇ, ದುಗ್ಧನಾಳ ಅಥವಾ ರಕ್ತನಾಳದೊಳಗೆ ಕೋಶಗಳು ನುಗ್ಗಿವೆಯೇ, ಕೋಶಗಳ ರಚನೆ ತೀರಾ ಕೆಟ್ಟಿದೆಯೇ, ಗಡ್ಡೆಯ ಅಂಚಿನಿಂದ ಒಂಟಿ ಕೋಶಗಳೋ ನಾಲ್ಕು ಕೋಶಗಳೊಳಗಿನ ಸಣ್ಣ ಗುಂಪುಗಳೋ ಬಿಡಿಬಿಡಿಯಾಗಿ ಕಳಚಿಕೊಂಡಿವೆಯೇ. ಕೊನೆಯದಕ್ಕೆ ಟ್ಯೂಮರ್ ಬಡ್ಡಿಂಗ್ ಎಂದು ಹೆಸರು. ಈ ನಾಲ್ಕರಲ್ಲಿ ಆಳ ಒಂದನ್ನೇ ನೆಚ್ಚಿಕೊಂಡು ಕರುಳು ಕತ್ತರಿಸುವ ತೀರ್ಮಾನಕ್ಕೆ ಬರುವುದು ಅವಸರ. ಬೇರೆ ಮೂರೂ ಇಲ್ಲದೆ ಆಳ ಮಾತ್ರ ಹೆಚ್ಚಿದ್ದಾಗ ಅಪಾಯ ಸಾಕಷ್ಟು ಕಡಿಮೆ.

ಗೋಡೆ ದಾಟಿದ ದುಗ್ಧರಸ ರಕ್ತನಾಳಗಳ ಜೊತೆಜೊತೆಗೇ ಹಿಂದಕ್ಕೆ ಹರಿಯುತ್ತದೆ. 1909ರಲ್ಲಿ ಜೇಮಿಸನ್ ಮತ್ತು ಡಾಬ್ಸನ್ ಈ ದಾರಿಯನ್ನು ವಿವರವಾಗಿ ಗುರುತಿಸಿದರು. ಇಂದಿನ ಶಸ್ತ್ರಚಿಕಿತ್ಸೆಯ ನಕ್ಷೆಗೆ ಅದೇ ಬುನಾದಿ. ಮೊದಲ ಸಾಲಿನ ಗ್ರಂಥಿಗಳು ಕರುಳಿನ ಮಗ್ಗುಲಲ್ಲೇ ಇವೆ. ಎರಡನೆಯ ಸಾಲು ಕರುಳಿಗೆ ರಕ್ತ ತರುವ ಅಪಧಮನಿಯ ನಡುದಾರಿಯಲ್ಲಿದೆ. ಮೂರನೆಯದು ಆ ಅಪಧಮನಿ ದೊಡ್ಡ ನಾಳದಿಂದ ಕವಲೊಡೆಯುವ ಬುಡದಲ್ಲಿದೆ. ಜಪಾನಿನ ಪದ್ಧತಿಯಲ್ಲಿ ಮೊದಲ ಸಾಲು ತೆಗೆದರೆ ಡಿ1, ಎರಡರವರೆಗೆ ತೆಗೆದರೆ ಡಿ2, ಬುಡದವರೆಗೂ ಹೋದರೆ ಡಿ3.

ಕರುಳಿನ ಉದ್ದಕ್ಕೂ ಹರಡುವ ದೂರ ಹೆಚ್ಚಿಲ್ಲ. ಗಡ್ಡೆಯಿಂದ 10 ಸೆಂಟಿಮೀಟರ್ ಆಚೆಯ ಗ್ರಂಥಿಯಲ್ಲಿ ಕ್ಯಾನ್ಸರ್ ಸಿಗುವುದು ಅಪರೂಪ. ಹಾಗಿದ್ದರೆ ಪುಟ್ಟ ಗಡ್ಡೆಗೆ ಒಂದು ಮೊಳ ಕರುಳು ತೆಗೆಯುವುದೇಕೆ ಎಂದು ಹಲವರು ಕೇಳುತ್ತಾರೆ. ಉತ್ತರ ರಕ್ತನಾಳದಲ್ಲಿದೆ. ಗ್ರಂಥಿಗಳನ್ನು ತೆಗೆಯಬೇಕಾದರೆ ಅಪಧಮನಿಯನ್ನು ಬುಡದ ಹತ್ತಿರ ಕಟ್ಟಬೇಕು. ಕಟ್ಟಿದ ಮೇಲೆ ಆ ನಾಳವನ್ನೇ ನೆಚ್ಚಿಕೊಂಡಿದ್ದ ಕರುಳಿಗೆ ರಕ್ತವಿಲ್ಲ. ಎಷ್ಟು ಕರುಳು ಹೋಗಬೇಕು ಎಂಬುದನ್ನು ನಿರ್ಧರಿಸುವುದು ಬಹುಮಟ್ಟಿಗೆ ಆ ಕಟ್ಟಿದ ನಾಳವೇ.

ಲಕೋಟೆ ಹರಿಯಬಾರದು

ದೊಡ್ಡ ಕರುಳನ್ನು ಹೊಟ್ಟೆಯ ಹಿಂಗೋಡೆಗೆ ಸೇರಿಸಿ ಹಿಡಿದಿರುವ ಕೊಬ್ಬಿನ ಹಾಳೆಗೆ ಮೆಸೊಕೋಲನ್ ಎಂದು ಹೆಸರು. ರಕ್ತನಾಳ, ದುಗ್ಧನಾಳ, ಗ್ರಂಥಿ ಎಲ್ಲವೂ ಅದರೊಳಗೇ ಇವೆ, ಹೊರಮೈಗೆ ತೆಳುವಾದ ಹೊಳೆಯುವ ಪೊರೆ ಇದೆ. ಮುಚ್ಚಿದ ಲಕೋಟೆಯಂತೆ ಇದನ್ನು ಬಿಡಿಸಿ ತೆಗೆಯಬೇಕು. ಹರಿದರೆ ಒಳಗಿನ ಗ್ರಂಥಿ ಅಲ್ಲೇ ಉಳಿಯಬಹುದು ಅಥವಾ ಕ್ಯಾನ್ಸರ್ ಕೋಶಗಳು ಹೊಟ್ಟೆಯೊಳಗೆ ಚೆಲ್ಲಬಹುದು. ಗುದನಾಳದ ಕ್ಯಾನ್ಸರಿಗೆ ಇದೇ ತತ್ವವನ್ನು ಬಿಲ್ ಹೀಲ್ಡ್ 1982ರಲ್ಲಿ ಮಂಡಿಸಿದ್ದರು. ದೊಡ್ಡ ಕರುಳಿಗೆ ಅದನ್ನು ವಿಸ್ತರಿಸಿ ಸಿಎಂಇ (ಕಂಪ್ಲೀಟ್ ಮೆಸೊಕೋಲಿಕ್ ಎಕ್ಸಿಶನ್) ಎಂಬ ಹೆಸರಲ್ಲಿ 2009ರಲ್ಲಿ ಪ್ರಕಟಿಸಿದವರು ಜರ್ಮನಿಯ ಎರ್ಲಾಂಗೆನ್‌ನ ವರ್ನರ್ ಹೋಹೆನ್‌ಬರ್ಗರ್ ತಂಡ. ಪೂರ್ತಿ ಮೆಸೊಕೋಲನ್ ಇಡಿಯಾಗಿ ಬರಬೇಕು, ನಾಳಗಳನ್ನು ಬುಡದಲ್ಲೇ ಕಟ್ಟಬೇಕು ಎಂಬುದು ಅದರ ಸಾರ.

ಬಲಭಾಗದ ಕರುಳು ತೆಗೆಯುವ ಲ್ಯಾಪರೋಸ್ಕೋಪಿಯನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮೊದಲು ಯಕೃತ್ತು ಮತ್ತು ಹೊಟ್ಟೆಯ ಒಳಪೊರೆಯ ಮೇಲೆ ಬೇರೆ ಗಂಟುಗಳಿವೆಯೇ ಎಂದು ನೋಡುತ್ತಾರೆ. ಆಮೇಲೆ ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಮೂಲೆಯನ್ನು ಹಿಡಿದು ಮೇಲೆತ್ತಿದರೆ ಇಲಿಯೊಕೋಲಿಕ್ ನಾಳಗಳು ಬಿಗಿದ ಹಗ್ಗದ ಹಾಗೆ ಎದ್ದು ಕಾಣುತ್ತವೆ. ಅದರ ಕೆಳಗೆ ಪೊರೆ ಕೊಯ್ದು ಮೆಸೊಕೋಲನ್‌ಗೂ ಹಿಂಗೋಡೆಗೂ ನಡುವಿನ ಪದರಕ್ಕೆ ಇಳಿಯಬೇಕು. ಸರಿಯಾದ ಪದರದಲ್ಲಿದ್ದರೆ ರಕ್ತ ಬರುವುದಿಲ್ಲ. ಮೂತ್ರನಾಳ, ಡುವೋಡಿನಮ್ (ಸಣ್ಣ ಕರುಳಿನ ಮೊದಲ ಭಾಗ), ಮೇದೋಜೀರಕ ಗ್ರಂಥಿಯ ತಲೆ ಎಲ್ಲವೂ ಕೆಳಗೇ ಉಳಿಯುತ್ತವೆ. ರಕ್ತ ಒಸರತೊಡಗಿದರೆ ದಾರಿ ತಪ್ಪಿದೆ ಎಂದೇ ತಿಳಿಯಬೇಕು: ಮೇಲಕ್ಕೆ ಹೋದರೆ ಲಕೋಟೆ ಹರಿಯುತ್ತದೆ, ಕೆಳಕ್ಕೆ ಇಳಿದರೆ ಮೂತ್ರನಾಳಕ್ಕೆ ಅಪಾಯ.

ಮುಂದಿನದು ಸುಪೀರಿಯರ್ ಮೆಸೆಂಟೆರಿಕ್ ಅಭಿಧಮನಿಯ ಮೇಲಿನ ಕೆಲಸ. ಡಿ3 ಮಾಡುವವರು ಈ ದಪ್ಪ ಅಭಿಧಮನಿಯ ಮುಂಭಾಗವನ್ನು ಪೂರ್ತಿ ಬಿಡಿಸಿ, ಇಲಿಯೊಕೋಲಿಕ್ ನಾಳಗಳನ್ನು ಬುಡದಲ್ಲಿ ಕಟ್ಟಿ ಮೇಲಕ್ಕೆ ಸಾಗುತ್ತಾರೆ. ಬಲ ಕೋಲಿಕ್ ಅಪಧಮನಿ ನೇರವಾಗಿ ದೊಡ್ಡ ನಾಳದಿಂದ ಹೊರಡುವುದು ಎಲ್ಲರಲ್ಲೂ ಇರುವುದಿಲ್ಲ. ಇದ್ದರೆ ಅದನ್ನೂ ಕಟ್ಟುತ್ತಾರೆ. ನಡು ಕೋಲಿಕ್ ನಾಳದ ಬಲ ಕವಲನ್ನು ಕಟ್ಟುತ್ತಾರೆ. ಗಡ್ಡೆ ಯಕೃತ್ತಿನ ಕೆಳಗಿನ ತಿರುವಿನಲ್ಲಿದ್ದರೆ ನಡು ಕೋಲಿಕ್ ನಾಳವನ್ನೇ ಬುಡದಲ್ಲಿ ಕಟ್ಟಬೇಕಾಗಬಹುದು. ಪಕ್ಕದ ಅಂಟುಗಳನ್ನು ಬಿಡಿಸುವುದು ಕೊನೆಗೆ.

ಈ ಹಾದಿಯಲ್ಲಿ ಅತಿ ಹೆಚ್ಚು ಕಾಟ ಕೊಡುವ ಜಾಗ ಹೆನ್ಲೆಯ ಕಾಂಡ ಎನ್ನುವ ಗಿಡ್ಡ ಅಭಿಧಮನಿ. ಜಠರ, ಮೇದೋಜೀರಕ ಗ್ರಂಥಿ, ಕರುಳು ಮೂರರ ರಕ್ತವೂ ಇಲ್ಲಿ ಸೇರುತ್ತದೆ. ಕವಲುಗಳು ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಸಹಾಯಕರು ಕರುಳನ್ನು ಸ್ವಲ್ಪ ಜೋರಾಗಿ ಎಳೆದರೂ ಸಣ್ಣ ಕವಲು ಬುಡದಲ್ಲೇ ಕಿತ್ತು ಬರುತ್ತದೆ. ಗಾಬರಿಯಲ್ಲಿ ರಕ್ತದ ಮಡುವಿನೊಳಗೆ ಕುರುಡಾಗಿ ಕ್ಲಿಪ್ ಹಾಕಿದರೆ ಸಣ್ಣ ತೂತು ದೊಡ್ಡದಾಗುತ್ತದೆ. ಮೊದಲು ಎಳೆತ ಸಡಿಲಿಸಬೇಕು, ಹತ್ತಿಬಟ್ಟೆಯಿಂದ ಒತ್ತಿ ಹಿಡಿದು ಕಾಯಬೇಕು, ಕಣ್ಣಿಗೆ ಕಂಡ ಮೇಲೆ ಕ್ಲಿಪ್ ಅಥವಾ ಹೊಲಿಗೆ. ನಿಲ್ಲದಿದ್ದರೆ ಹೊಟ್ಟೆ ತೆರೆಯಲು ಹಿಂಜರಿಯಬಾರದು. ಶಸ್ತ್ರಚಿಕಿತ್ಸೆಗೆ ಮುಂಚಿನ ಸಿ.ಟಿ. ಸ್ಕ್ಯಾನ್‌ನಲ್ಲೇ ಈ ಕವಲುಗಳನ್ನು ಗುರುತು ಮಾಡಿಕೊಂಡವರಿಗೆ ಇಂಥ ಸಂದರ್ಭ ಕಡಿಮೆ.

ಎಡಭಾಗದಲ್ಲಿ ತೊಂದರೆಗಳು ಬೇರೆ. ಎಡಭಾಗದ ಕರುಳಿಗೆ ರಕ್ತ ತರುವ ಇನ್‌ಫೀರಿಯರ್ ಮೆಸೆಂಟೆರಿಕ್ ಅಪಧಮನಿಯ ಬುಡದ ಸುತ್ತ ನರಗಳ ಜಾಲವಿದೆ; ಅದಕ್ಕೆ ಪೆಟ್ಟಾದರೆ ಗಂಡಸರಲ್ಲಿ ವೀರ್ಯಸ್ಖಲನದ ತೊಂದರೆ ಉಳಿಯಬಹುದು. ಬುಡದಲ್ಲಿ ಕಟ್ಟಿದ ಮೇಲೆ ಜೋಡಿಸಬೇಕಾದ ಕರುಳಿನ ತುದಿಗೆ ರಕ್ತ ಬರುತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಕೆಲವರು ಐಸಿಜಿ ಎಂಬ ಹಸಿರು ಬಣ್ಣದ ದ್ರವ ಕೊಟ್ಟು ವಿಶೇಷ ಕ್ಯಾಮೆರಾದಲ್ಲಿ ನೋಡುತ್ತಾರೆ. ಸ್ತನ ಕ್ಯಾನ್ಸರಿನಲ್ಲಿ ಮಾಡುವಂತೆ ಮೊದಲ ಗ್ರಂಥಿಯೊಂದನ್ನು ಪರೀಕ್ಷಿಸಿ ಉಳಿದವನ್ನು ಬಿಡುವ ಪದ್ಧತಿ ಇಲ್ಲಿ ನೆಲೆ ನಿಂತಿಲ್ಲ. ಮೊದಲ ಗ್ರಂಥಿ ಖಾಲಿಯಿದ್ದು ಮುಂದಿನದರಲ್ಲಿ ಕ್ಯಾನ್ಸರ್ ಇರುವ ಪ್ರಸಂಗಗಳು ಹೆಚ್ಚು. ಅಲ್ಲದೆ ಕರುಳನ್ನು ಕತ್ತರಿಸುವಾಗ ಮೆಸೊಕೋಲನ್ ಹೇಗೂ ಜೊತೆಗೆ ಬರುವುದರಿಂದ ಉಳಿತಾಯವೂ ಏನಿಲ್ಲ.

ಬುಡದವರೆಗೆ ಹೋದರೆ ಲಾಭವೆಷ್ಟು

ಎರ್ಲಾಂಗೆನ್ ತಂಡದ ಅಂಕಿಗಳು ಗಮನ ಸೆಳೆದವು: ಐದು ವರ್ಷದೊಳಗೆ ಅದೇ ಜಾಗದಲ್ಲಿ ಮರುಕಳಿಸುವ ಪ್ರಮಾಣ ಶೇ 6.5ರಿಂದ ಶೇ 3.6ಕ್ಕೆ ಇಳಿದಿತ್ತು, ಕ್ಯಾನ್ಸರಿನಿಂದ ಸಾಯದೆ ಉಳಿದವರ ಪ್ರಮಾಣ ಶೇ 82.1ರಿಂದ ಶೇ 89.1ಕ್ಕೆ ಏರಿತ್ತು. ಆದರೆ ಇದು 1978–84ರ ರೋಗಿಗಳನ್ನು 1995–2002ರವರ ಜೊತೆ ಹೋಲಿಸಿದ್ದು. ಈ ನಡುವೆ ಸ್ಕ್ಯಾನ್, ಅರಿವಳಿಕೆ, ಔಷಧ ಎಲ್ಲವೂ ಬದಲಾಗಿದ್ದವು. 2015ರ ಡೆನ್ಮಾರ್ಕಿನ ಅಧ್ಯಯನದಲ್ಲಿ ಒಂದೇ ಕಾಲದ ರೋಗಿಗಳ ಹೋಲಿಕೆ ಇತ್ತು. ನಾಲ್ಕು ವರ್ಷ ರೋಗವಿಲ್ಲದೆ ಉಳಿದವರು ಸಿಎಂಇ ಮಾಡಿದ ಆಸ್ಪತ್ರೆಯಲ್ಲಿ ಶೇ 85.8, ಉಳಿದ ಕಡೆ ಶೇ 75.9. ಇದರಲ್ಲೂ ಒಂದು ಆಸ್ಪತ್ರೆಯ ನುರಿತ ತಂಡ ಒಂದು ಕಡೆ, ಬೇರೆ ಆಸ್ಪತ್ರೆಗಳು ಇನ್ನೊಂದು ಕಡೆ.

ಚೀಟಿ ಎತ್ತಿದಂತೆ ರೋಗಿಗಳನ್ನು ಹಂಚಿ ಮಾಡಿದ ಪ್ರಯೋಗ ಚೀನಾದ ರೆಲಾರ್ಕ್. ಬಲಭಾಗದ ಕ್ಯಾನ್ಸರಿಗೆ ಡಿ2 ಮತ್ತು ಸಿಎಂಇಗಳನ್ನು ಅದು ಹೋಲಿಸಿತು. ಮೂರು ವರ್ಷ ರೋಗವಿಲ್ಲದೆ ಉಳಿದವರು ಸಿಎಂಇಯಲ್ಲಿ ಶೇ 86.1, ಡಿ2ರಲ್ಲಿ ಶೇ 81.9. ಒಲವು ಸಿಎಂಇ ಕಡೆಗಿದ್ದರೂ ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ಗೆರೆ ದಾಟಲಿಲ್ಲ. ಅದೇ ಪ್ರಯೋಗದಲ್ಲಿ ರಕ್ತನಾಳಕ್ಕೆ ಪೆಟ್ಟಾದದ್ದು ಸಿಎಂಇಯಲ್ಲಿ ಶೇ 3, ಡಿ2ರಲ್ಲಿ ಶೇ 1. ಇನ್ನೂ ಮುಖ್ಯವಾದ ಅಂಕಿ ಬೇರೆ ಇದೆ: ಬುಡದ ಗ್ರಂಥಿಗಳಲ್ಲಿ ಕ್ಯಾನ್ಸರ್ ಸಿಕ್ಕಿದ್ದು ಶೇ 3 ಮಂದಿಯಲ್ಲಿ ಮಾತ್ರ. ಕೆಳಗಿನ ಸಾಲುಗಳನ್ನು ಬಿಟ್ಟು ಬುಡಕ್ಕೆ ಮಾತ್ರ ಹಾರಿದ್ದು ಒಬ್ಬರಲ್ಲೂ ಕಾಣಲಿಲ್ಲ.

ಶೇ 3 ಮಂದಿಗೆ ಇರುವ ಗ್ರಂಥಿಗಾಗಿ ಎಲ್ಲರಲ್ಲೂ ಅಭಿಧಮನಿಯನ್ನು ಬಿಡಿಸುವುದು ಸರಿಯೇ? ನಮ್ಮ ಅಭಿಪ್ರಾಯದಲ್ಲಿ ಸಿಎಂಇಯ ಎರಡು ಭಾಗಗಳನ್ನು ಬೇರೆ ಮಾಡಿ ಯೋಚಿಸಬೇಕು. ಪೊರೆ ಹರಿಯದಂತೆ ಸರಿಯಾದ ಪದರದಲ್ಲಿ ತೆಗೆಯುವುದಕ್ಕೆ ಚೌಕಾಸಿ ಇಲ್ಲ, ಅದು ಎಲ್ಲರಿಗೂ ಬೇಕು. ಇಂಗ್ಲೆಂಡಿನ ಲೀಡ್ಸ್‌ನಿಂದ 2008ರಲ್ಲಿ ಬಂದ ಅಧ್ಯಯನದಲ್ಲಿ, ಸರಿಯಾದ ಪದರದಲ್ಲಿ ತೆಗೆದವರ ಐದು ವರ್ಷದ ಬದುಕುಳಿಯುವಿಕೆ ಸ್ನಾಯು ಕಾಣುವಷ್ಟು ಹರಿದು ತೆಗೆದವರಿಗಿಂತ ಶೇಕಡಾ 15 ಅಂಶ ಹೆಚ್ಚಿತ್ತು. ಗ್ರಂಥಿಗಳಿಗೆ ಹರಡಿದ್ದ ಮೂರನೆಯ ಹಂತದವರಲ್ಲಿ ಅಂತರ 27 ಅಂಶ. ಬುಡದವರೆಗೆ ಹೋಗುವುದನ್ನು ಮಾತ್ರ ಸ್ಕ್ಯಾನ್‌ನಲ್ಲಿ ಗ್ರಂಥಿ ಊದಿರುವಂತೆ ಕಾಣುವವರಿಗೆ, ಗಡ್ಡೆ ಗೋಡೆ ದಾಟಿರುವವರಿಗೆ, ಅದೂ ಆ ಕೆಲಸದಲ್ಲಿ ಪಳಗಿದ ಕೈಯಲ್ಲಿ ಮಾಡಿಸುವುದು ವಿವೇಕ.

ಕೊಬ್ಬಿನೊಳಗಿನ ಹುಡುಕಾಟ

ಸರ್ಜನ್ ಎಷ್ಟೇ ಚೆನ್ನಾಗಿ ತೆಗೆದರೂ ಎಣಿಕೆ ನಿಂತಿರುವುದು ಪೆಥಾಲಜಿ ಮೇಜಿನ ಮೇಲೆ. ಕತ್ತರಿಸುವ ಮುಂಚೆಯೇ ಮಾದರಿಯ ಮುಂಭಾಗ ಹಿಂಭಾಗಗಳ ಫೋಟೊ ತೆಗೆಯಬೇಕು. ಪೊರೆಯ ಗುಣಮಟ್ಟ ಆಗ ಮಾತ್ರ ತಿಳಿಯುತ್ತದೆ. ಫಾರ್ಮಲಿನ್‌ನಲ್ಲಿ ಒಂದೆರಡು ದಿನ ಗಟ್ಟಿಯಾಗಲು ಬಿಟ್ಟು, ಕೊಬ್ಬನ್ನು ಕೆಲವೇ ಮಿಲಿಮೀಟರ್ ದಪ್ಪದ ಹೋಳುಗಳಾಗಿ ಕತ್ತರಿಸಿ, ಬೆರಳ ತುದಿಯಲ್ಲಿ ಅದುಮಿ ಅದುಮಿ ಗ್ರಂಥಿ ಹುಡುಕುತ್ತಾರೆ. ಎಷ್ಟೋ ಗ್ರಂಥಿಗಳು 5 ಮಿಲಿಮೀಟರಿಗಿಂತ ಚಿಕ್ಕವು, ಕ್ಯಾನ್ಸರ್ ಇರುವಂಥವೂ ಅಷ್ಟೇ ಚಿಕ್ಕದಾಗಿರಬಹುದು. ಕಣ್ಣಿಗೆ ಬಿದ್ದ ದೊಡ್ಡವನ್ನಷ್ಟೇ ಆರಿಸಿ ಕೈತೊಳೆದುಕೊಂಡರೆ, ಗ್ರಂಥಿಗೆ ಹರಡಿದ್ದರೂ ಹರಡದ ಎರಡನೆಯ ಹಂತ ಎಂದು ತಪ್ಪಾಗಿ ಬರೆದಂತಾಗುತ್ತದೆ.

ಕನಿಷ್ಠ 12 ಗ್ರಂಥಿ ಎಂಬ ನಿಯಮ 1990ರ ಸಿಡ್ನಿ ಸಮ್ಮೇಳನದ ಕಾರ್ಯತಂಡದ ಶಿಫಾರಸಿನಿಂದ ಬಂದದ್ದು. ಅಷ್ಟು ಸಿಗದಿದ್ದರೆ ಮಾದರಿಯ ಉಳಿದ ಕೊಬ್ಬಿಗೆ ಮರಳಿ ಹೋಗಬೇಕು, ಬೇಕಾದರೆ ಕೊಬ್ಬನ್ನು ಕರಗಿಸಿ ಗ್ರಂಥಿಯನ್ನು ಎತ್ತಿ ತೋರಿಸುವ ದ್ರಾವಣದಲ್ಲಿ ನೆನೆಸಬೇಕು. ವಯಸ್ಸಾದವರಲ್ಲಿ, ಎಡಭಾಗದ ಗಡ್ಡೆಯಲ್ಲಿ ಸಂಖ್ಯೆ ಸಹಜವಾಗಿಯೇ ಕಡಿಮೆ ಇರುತ್ತದೆ. ಹಾಗಾಗಿ 11 ಸಿಕ್ಕಿತೆಂದು ಸರ್ಜನ್‌ನನ್ನು ದೂರುವುದು ಅನ್ಯಾಯ.

ಹೆಚ್ಚು ಗ್ರಂಥಿ ಎಣಿಸಿದವರು ಹೆಚ್ಚು ಕಾಲ ಬದುಕುತ್ತಾರೆ ಎಂಬುದು ಅನೇಕ ಅಧ್ಯಯನಗಳಲ್ಲಿ ಕಂಡಿದೆ. ಕಾರಣವೇನು? ಹರಡಿದ್ದು ಗೊತ್ತಾಗಿ ಸರಿಯಾದ ಔಷಧ ಸಿಕ್ಕಿತು ಎನ್ನುವುದು ಸುಲಭದ ಉತ್ತರ. ಆದರೆ ಅಮೆರಿಕದಲ್ಲಿ 12 ಅಥವಾ ಹೆಚ್ಚು ಗ್ರಂಥಿ ಪರೀಕ್ಷಿಸಿದ ರೋಗಿಗಳ ಪಾಲು 1988–90ರ ಶೇ 34.6ರಿಂದ 2006–08ರ ಹೊತ್ತಿಗೆ ಶೇ 73.6ಕ್ಕೆ ಏರಿದರೂ, ಗ್ರಂಥಿಯಲ್ಲಿ ಕ್ಯಾನ್ಸರ್ ಸಿಕ್ಕವರ ಪಾಲು ಶೇ 40ರಿಂದ 42ಕ್ಕೆ ಮಾತ್ರ ಸರಿಯಿತು. ಹೆಚ್ಚು ಎಣಿಸುವ ಆಸ್ಪತ್ರೆಗಳಲ್ಲಿ ರೋಗಿಗಳು ಹೆಚ್ಚು ಬದುಕಲಿಲ್ಲ ಎಂದು 2007ರ ಇನ್ನೊಂದು ಅಮೆರಿಕನ್ ಅಧ್ಯಯನ ತೋರಿಸಿತು. ದೇಹದ ರೋಗನಿರೋಧಕ ಶಕ್ತಿ ಚುರುಕಾಗಿರುವವರಲ್ಲಿ ಗ್ರಂಥಿಗಳು ಊದಿಕೊಂಡು ಸುಲಭವಾಗಿ ಕೈಗೆ ಸಿಗುತ್ತವೆ. ಅಂಥವರು ಹೇಗೂ ಚೆನ್ನಾಗಿಯೇ ಇರುತ್ತಾರೆ ಎಂಬ ವಿವರಣೆ ನಮಗೆ ಹೆಚ್ಚು ಒಪ್ಪುತ್ತದೆ. 12ರ ಗಡಿ ದಾಟಿದ ಮೇಲೆ 30, 40 ಎಂದು ಹೆಮ್ಮೆಪಡುವುದರಲ್ಲಿ ಅರ್ಥವಿಲ್ಲ.

ಗ್ರಂಥಿಯಿಂದ ಯಕೃತ್ತಿಗೆ?

ಕ್ಯಾನ್ಸರ್ ಮೊದಲು ಗ್ರಂಥಿಗೆ, ಅಲ್ಲಿಂದ ಯಕೃತ್ತಿಗೆ ಎಂಬ ಮೆಟ್ಟಿಲು ಕ್ರಮವನ್ನು ಬಹುಕಾಲ ನಂಬಲಾಗಿತ್ತು. 2017ರಲ್ಲಿ 17 ರೋಗಿಗಳ ಗಡ್ಡೆ, ಗ್ರಂಥಿ ಮತ್ತು ದೂರದ ಹರಡುವಿಕೆಗಳ ವಂಶಾವಳಿಯನ್ನು ಡಿಎನ್ಎ ಗುರುತುಗಳಿಂದ ಕಟ್ಟಿ ನೋಡಿದಾಗ ಶೇ 65 ಮಂದಿಯಲ್ಲಿ ಗ್ರಂಥಿಯ ಕ್ಯಾನ್ಸರ್ ಮತ್ತು ದೂರದ ಕ್ಯಾನ್ಸರ್ ಮೂಲ ಗಡ್ಡೆಯ ಬೇರೆ ಬೇರೆ ಕವಲುಗಳಿಂದ ಹೊರಟಿದ್ದವು. ಅಂಥವರಲ್ಲಿ ಗ್ರಂಥಿ ಮುಂದಿನ ನೆಗೆತಕ್ಕೆ ಮೆಟ್ಟಿಲಾಗಿರಲಿಲ್ಲ. ಈ ಗಡ್ಡೆಗೆ ಹರಡುವ ಶಕ್ತಿ ಇದೆ ಎಂಬ ಸೂಚನೆಯಷ್ಟೇ ಆಗಿತ್ತು. ಉಳಿದ ಶೇ 35ರಲ್ಲಿ ಮೂಲ ಒಂದೇ. ಗ್ರಂಥಿ ತೆಗೆಯುವುದರಿಂದ ಸಿಗುವ ಲಾಭ ಏಕೆ ಸೀಮಿತ, ಆದರೂ ಏಕೆ ಶೂನ್ಯವಲ್ಲ ಎಂಬುದಕ್ಕೆ ಇದು ಹೊಂದುತ್ತದೆ.

ಹಂತಗಳ ಪಟ್ಟಿಯಲ್ಲೂ ಇದರ ನೆರಳಿದೆ. ಕ್ಯಾನ್ಸರ್ ತಾಗಿದ್ದು ಒಂದು ಗ್ರಂಥಿಯಾದರೆ ಎನ್1ಎ, ಎರಡು ಮೂರಾದರೆ ಎನ್1ಬಿ, ನಾಲ್ಕರಿಂದ ಆರು ಎನ್2ಎ, ಏಳು ಮೇಲ್ಪಟ್ಟರೆ ಎನ್2ಬಿ. ಗ್ರಂಥಿಗಳು ಖಾಲಿಯಿದ್ದು ಕೊಬ್ಬಿನಲ್ಲಿ ಮಾತ್ರ ಕ್ಯಾನ್ಸರ್ ತುಣುಕು ಕಂಡರೆ ಎನ್1ಸಿ. ಗ್ರಂಥಿ ತಾಗಿದರೆ ಮೂರನೆಯ ಹಂತ. ಆದರೂ ಗೋಡೆ ದಾಟದ ಸಣ್ಣ ಗಡ್ಡೆಯಿದ್ದು ಒಂದೆರಡು ಗ್ರಂಥಿ ತಾಗಿದ 3ಎ ರೋಗಿಗಳು, ಗ್ರಂಥಿಯೇ ತಾಗದೆ ಪಕ್ಕದ ಅಂಗಕ್ಕೆ ನುಗ್ಗಿದ 2ಸಿ ರೋಗಿಗಳಿಗಿಂತ ಹೆಚ್ಚು ಬದುಕುತ್ತಾರೆ. ಮೂರನೆಯ ಹಂತ ಎಂಬ ಮಾತಿಗೆ ಹೆದರುವ ಮುನ್ನ ಟಿ ಎಷ್ಟು ಎಂದು ಕೇಳಬೇಕು.

ಎಣಿಕೆಯ ಮೇಲೆ ನಿಂತ ಔಷಧ

ಮೂರನೆಯ ಹಂತಕ್ಕೆ ಆಕ್ಸಾಲಿಪ್ಲಾಟಿನ್ ಎಂಬ ಔಷಧ ಸೇರಿಸಿದ ಕೀಮೊ ಹೆಚ್ಚು ಫಲ ಕೊಡುತ್ತದೆ ಎಂದು 2004ರ ಮೊಸಾಯಿಕ್ ಪ್ರಯೋಗ ತೋರಿಸಿತು. ಎಷ್ಟು ತಿಂಗಳು ಎಂಬುದಕ್ಕೆ ಉತ್ತರ ಸಿಕ್ಕಿದ್ದು 2018ರಲ್ಲಿ, ಆರು ಪ್ರಯೋಗಗಳ 12,834 ರೋಗಿಗಳ ಲೆಕ್ಕದಿಂದ. ಟಿ1ರಿಂದ ಟಿ3 ಮತ್ತು ಎನ್1 ಇದ್ದವರಲ್ಲಿ ಮೂರು ವರ್ಷ ರೋಗವಿಲ್ಲದೆ ಉಳಿದವರು ಮೂರು ತಿಂಗಳ ಕೀಮೊದಲ್ಲಿ ಶೇ 83.1, ಆರು ತಿಂಗಳದ್ದರಲ್ಲಿ ಶೇ 83.3. ಟಿ4 ಅಥವಾ ಎನ್2 ಇದ್ದವರಲ್ಲಿ ಶೇ 62.7 ಮತ್ತು 64.4. ಕೈಕಾಲು ಜೋಮು, ತಣ್ಣೀರು ಮುಟ್ಟಿದರೆ ಚುಚ್ಚುವಂಥ ನರದ ತೊಂದರೆ ಆರು ತಿಂಗಳ ಗುಂಪಿನಲ್ಲಿ ಸುಮಾರು ಮೂರು ಪಟ್ಟು. ಅಂದರೆ ಮೂರು ಗ್ರಂಥಿಯೋ ನಾಲ್ಕೋ ಎಂಬ ಎಣಿಕೆ ಇಂದು ಮೂರು ತಿಂಗಳ ಕೀಮೊವನ್ನು ಆರಾಗಿಸಬಲ್ಲದು.

ಕೀಮೊ ಶಸ್ತ್ರಚಿಕಿತ್ಸೆಯಾದ ಎಂಟು ವಾರದೊಳಗೆ ಶುರುವಾಗುವುದು ಒಳ್ಳೆಯದು. ಇದಕ್ಕೆ ಅಡ್ಡಿಯಾಗುವ ದೊಡ್ಡ ತೊಂದರೆ ಕರುಳಿನ ಜೋಡಣೆ ಸೋರುವುದು. ಇದು ಬಹುಮಟ್ಟಿಗೆ ಮೊದಲ ವಾರದ ಆಸುಪಾಸಿನಲ್ಲಿ ಬಯಲಾಗುತ್ತದೆ: ಕಾರಣ ತಿಳಿಯದೆ ನಾಡಿ ಏರುವುದು, ಹೊಟ್ಟೆ ಉಬ್ಬರ, ಜ್ವರ. ಮೂರನೆಯ ಅಥವಾ ನಾಲ್ಕನೆಯ ದಿನ ಸಿಆರ್‌ಪಿ (ಉರಿಯೂತವನ್ನು ತೋರಿಸುವ ರಕ್ತಪರೀಕ್ಷೆ) ಲೀಟರಿಗೆ 150 ಮಿಲಿಗ್ರಾಂ ದಾಟಿದ್ದರೆ ರೋಗಿಯನ್ನು ಮನೆಗೆ ಕಳಿಸುವ ಮುಂಚೆ ಯೋಚಿಸಬೇಕು, ಅನುಮಾನವಿದ್ದರೆ ಸಿ.ಟಿ. ಮಾಡಿಸಬೇಕು.

ಎರಡನೆಯ ಹಂತದಲ್ಲಿ ಯಾರಿಗೆ ಕೀಮೊ ಎಂಬ ಗೊಂದಲವನ್ನು ರಕ್ತದಲ್ಲಿ ತೇಲುವ ಕ್ಯಾನ್ಸರ್ ಡಿಎನ್ಎ ಪರೀಕ್ಷೆ ಸ್ವಲ್ಪ ತಿಳಿಯಾಗಿಸಿದೆ. 2022ರ ಡೈನಾಮಿಕ್ ಪ್ರಯೋಗದಲ್ಲಿ ಈ ಪರೀಕ್ಷೆ ನೋಡಿ ತೀರ್ಮಾನಿಸಿದಾಗ ಕೀಮೊ ಪಡೆದವರು ಶೇ 28ರಿಂದ 15ಕ್ಕೆ ಇಳಿದರು. ಎರಡು ವರ್ಷ ಮರುಕಳಿಸದೆ ಉಳಿದವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ಶೇ 93.5 ಮತ್ತು 92.4.

ಇನ್ನೊಂದು ಬದಲಾವಣೆ ಶಸ್ತ್ರಚಿಕಿತ್ಸೆಗೂ ಮುಂಚಿನದು. ಹರಡದ ದೊಡ್ಡ ಕರುಳಿನ ಕ್ಯಾನ್ಸರುಗಳಲ್ಲಿ ಸುಮಾರು ಶೇ 15ರಲ್ಲಿ ಡಿಎನ್ಎ ತಿದ್ದುವ ವ್ಯವಸ್ಥೆ ಕೆಟ್ಟಿರುತ್ತದೆ. ಇವನ್ನು ಡಿಎಂಎಂಆರ್ ಗಡ್ಡೆಗಳು ಎನ್ನುತ್ತಾರೆ. ಇಂಥವರಿಗೆ ಶಸ್ತ್ರಚಿಕಿತ್ಸೆಗೆ ಮೊದಲು ನಾಲ್ಕು ವಾರ ನಿವೊಲುಮಾಬ್ ಮತ್ತು ಇಪಿಲಿಮುಮಾಬ್ ಎಂಬ, ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರಿನ ಮೇಲೆ ಎಬ್ಬಿಸುವ ಔಷಧಗಳನ್ನು ಕೊಟ್ಟು ನೋಡಿದ ನಿಚ್-2 ಪ್ರಯೋಗದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಶೇ 95 ಮಂದಿಯ ಗಡ್ಡೆಯಲ್ಲಿ ಜೀವಂತ ಕ್ಯಾನ್ಸರ್ ಹತ್ತನೇ ಒಂದು ಭಾಗವೋ ಅದಕ್ಕಿಂತ ಕಡಿಮೆಯೋ ಉಳಿದಿತ್ತು, ಶೇ 68 ಮಂದಿಯಲ್ಲಿ ಏನೂ ಉಳಿದಿರಲಿಲ್ಲ. ಈ ಗಡ್ಡೆಗಳ ಸುತ್ತಲಿನ ಗ್ರಂಥಿಗಳು ಕ್ಯಾನ್ಸರ್ ಇಲ್ಲದೆಯೂ ಊದಿಕೊಳ್ಳುವುದರಿಂದ ಸಿ.ಟಿ. ನೋಡಿ ಹರಡಿದೆ ಎಂದುಕೊಳ್ಳುವ ತಪ್ಪು ಇವರಲ್ಲೇ ಹೆಚ್ಚು. ಸಾಮಾನ್ಯವಾಗಿಯೂ ಗ್ರಂಥಿಗಳ ವಿಷಯದಲ್ಲಿ ಸಿ.ಟಿ. ಹತ್ತರಲ್ಲಿ ಮೂರು ಸಲ ತಪ್ಪು ಹೇಳುತ್ತದೆ. ಡಿಎಂಎಂಆರ್ ಪರೀಕ್ಷೆಯನ್ನು ಇಂದಿಗೂ ಅನೇಕ ಕಡೆ ಕರುಳು ತೆಗೆದ ಮೇಲೆ, ಆ ಮಾದರಿಯ ಮೇಲೆ ಮಾಡುತ್ತಾರೆ. ಅಷ್ಟರಲ್ಲಿ ಈ ದಾರಿ ಮುಚ್ಚಿಹೋಗಿರುತ್ತದೆ. ಕೊಲೊನೋಸ್ಕೋಪಿಯಲ್ಲಿ ತೆಗೆದ ಬಯಾಪ್ಸಿ ತುಣುಕಿನಲ್ಲೇ ಇದನ್ನು ಮಾಡಬಹುದು. ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡುವ ಮೊದಲು ಆ ಫಲಿತಾಂಶ ಕೈಯಲ್ಲಿರಬೇಕು.